ಉಪ್ಪು ಹಿಡಿದ ಕೈ

ಗೂಡಲೂರು
9-2-2025

ಪ್ರೀತಿಯ ಕಮಲಕ್ಕನಿಗೆ ತಮ್ಮ ವಸಂತಕುಮಾರನ ನಮಸ್ಕಾರಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈಯಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿನ್ನ ಧ್ವನಿ ಕೇಳಿದರೆ ನಾನು ಏನಾದರೂ ಸುಳ್ಳು ಹೇಳಿಬಿಡುತ್ತೇನೆ. ಭಾವನ ಮಂಡಿನೋವು ಹೇಗಿದೆ? ಈ ಸಲ ನಿಮ್ಮ ಹುಬ್ಬತಲೈಯಲ್ಲಿ ಹಿಮಕ್ಕೆ ಚಹಾ ಗಿಡ ಕರಕಲಾಯಿತೆಂದು ಕೇಳಿ ಬೇಜಾರಾಯಿತು.

ಇಲ್ಲಿ ಕೊಟ್ಟಿಗೆ ಕೊನೆಗೂ ಒಂದು ದಾರಿಗೆ ಬಂದಿದೆ. ಮಾಂಸಕ್ಕೆ ಎಮ್ಮೆ ಸಾಕುತ್ತೇನೆಂದಾಗ ನಮ್ಮೂರ ಹಟ್ಟಿಯವರೆಲ್ಲ ಮುಖ ತಿರುಗಿಸಿದರು. ನೀನೊಬ್ಬಳು, "ಹೆಂಗೋ ಬದುಕ್ಕೊ, ಹೋಗು" ಅಂದೆ. ಐದು ವರ್ಷ ಬದುಕಿದ್ದಷ್ಟೇ, ಕೈಗೆ ಏನೂ ಹತ್ತಲಿಲ್ಲ. ಎರಡು ವರ್ಷದ ಹಿಂದೆ ದನದ ಡಾಕ್ಟರು ಜನನಿ ಬಂದು ಒಂದೊಂದನ್ನೂ ಪರೀಕ್ಷೆ ಮಾಡಿ, "ಅಣ್ಣಾ, ಹನ್ನೊಂದರಲ್ಲಿ ನಾಲ್ಕು ಸುಮ್ನೆ ತಿಂತಾ ಇದೆ. ಕರು ಹಾಕದ್ದನ್ನ ಇಟ್ಕೋಬೇಡಿ. ಕರುಗಳೆಲ್ಲ ಒಂದೇ ಸೀಸನ್ನಲ್ಲಿ ಹುಟ್ಟಬೇಕು, ಒಂದೇ ಲಾರೀಲಿ ಹೋಗಬೇಕು" ಅಂದರು.

ಹಾಗೇ ಮಾಡಿದೆ. ಹುಲ್ಲುಗಾವಲಿಗೆ ನಾಲ್ಕು ಭಾಗ ಬೇಲಿ ಹಾಕಿ ಸರದಿಯಲ್ಲಿ ಮೇಯಿಸಿದೆ. ಕೋಣವನ್ನು ವರ್ಷದಲ್ಲಿ ಎರಡೇ ತಿಂಗಳು ಒಳಗೆ ಬಿಟ್ಟೆ. ಹೋದ ಮಳೆಗಾಲದಲ್ಲಿ ಏಳು ಎಮ್ಮೆಗೆ ಏಳು ಕರು, ಎಲ್ಲವೂ ಮೈತುಂಬಿ ನಿಂತಿವೆ. "ಇನ್ನೇನು, ನೀವೂ ಮೊದಲಾಳಿ, ದೊಡ್ಡ ಧಣಿ" ಎಂದು ಮಲ್ಲಿ ನಗುತ್ತಾಳೆ. ಹೆಂಡತಿ ನಗುವಾಗ ನಾನೂ ನಗಬೇಕು, ಆದರೆ ಸುಸ್ತು. ನಾಲ್ಕು ಕಾಸು ಕಂಡರೆ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ, ಅದೂ ಬರಲಿಲ್ಲ.

ಉಪ್ಪಿನ ಹಬ್ಬಕ್ಕೆ ಬಂದು ಎಮ್ಮೆಗಳಿಗೆ ಮೊದಲ ಹಿಡಿ ಉಪ್ಪು ನಾನೇ ಕೊಡಬೇಕೆಂದು ಬರೆದಿದ್ದೀಯ. ಅವ್ವೆ ಒಂದೊಂದನ್ನೂ ಹೆಸರು ಹಿಡಿದು ಕರೆದು ಅಂಗೈಯಿಂದಲೇ ನೆಕ್ಕಿಸುತ್ತಿದ್ದಳಲ್ಲ. "ಉಪ್ಪು ತೋರ್ಸಿ ಕರೆದ್ಮೇಲೆ ಮೋಸ ಮಾಡ್ಬಾರ್ದು" ಅನ್ನುತ್ತಿದ್ದಳು. ಈ ಸಲ ನನಗೆ ಬಿಡುವಿಲ್ಲ ಅಕ್ಕಾ, ಭಾವನೇ ಕೊಡಲಿ. ನಾನು ಹಟ್ಟಿ ಬಿಡುವಾಗ ಅವ್ವೆ ತನ್ನ ಮಂದೆಯಿಂದ ಕೊಟ್ಟ ಎಮ್ಮೆ ಮುದ್ದಿಯನ್ನು ವಿಚಾರಿಸಿದ್ದೀಯ. ಅವಳು ಈಗಿಲ್ಲ. ವಯಸ್ಸಾಗಿತ್ತು.

ಮಕ್ಕಳಿಗೆ ನನ್ನ ಆಶೀರ್ವಾದ. ನಮ್ಮ ದೇವಿ ಹೆತ್ತೆ ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ ತಮ್ಮ,
ವಸಂತಕುಮಾರ್

ಮರೆತ ಮಾತು: ಬರೆದದ್ದನ್ನು ಮತ್ತೆ ಓದಿದೆ. ಕಾಗದದಲ್ಲೂ ಸುಳ್ಳೇ ಬರೆದಿದ್ದೇನೆ. ಡಾಕ್ಟರು ಹೇಳಿದ ನಾಲ್ಕರಲ್ಲಿ ಮುದ್ದಿಯೂ ಒಬ್ಬಳು. ಮೂರನ್ನು ಆಗಲೇ ಕಸಾಯಿಖಾನೆಗೆ ಕಳಿಸಿದ್ದೆ, ಇವಳ ಸರದಿಯನ್ನು ಎರಡು ವರ್ಷ ಮುಂದೆ ತಳ್ಳಿದೆ. ಹೋದ ತಿಂಗಳು ಲಾರಿ ಬಂದಾಗ ಅವಳು ಹಲಗೆ ಹತ್ತಲಿಲ್ಲ. ನಾಲ್ಕು ಜನ ನೂಕಿದರೂ ಕದಲಲಿಲ್ಲ. ಡ್ರೈವರ್ ಕೋಲು ಎತ್ತಿದ. ಹೊಡೆತ ತಪ್ಪಲಿ ಎಂದು ನಾನು ಒಳಗೆ ಹೋಗಿ ಹಿಡಿ ಉಪ್ಪು ತಂದೆ. ಲಾರಿಯ ಮೇಲೆ ನಿಂತು, ಅವ್ವೆ ಕರೆಯುತ್ತಿದ್ದ ಹಾಗೇ, "ಮುದ್ದಿ, ಬಾ ಅವ್ವೆ" ಅಂದೆ. ಬಂದಳು. ನಾನು ಹಿಂದಕ್ಕೆ ಸರಿದಂತೆ ಅಂಗೈ ನೆಕ್ಕುತ್ತ ಒಳಗಿನವರೆಗೂ ಬಂದಳು. ನಾನು ಇಳಿದೆ, ಹಲಗೆ ಮುಚ್ಚಿದರು. ಆ ಕೈಯಲ್ಲಿ ಹಬ್ಬದ ಉಪ್ಪು ಹೇಗೆ ಹಿಡಿಯಲಿ, ಅಕ್ಕಾ?