ವಿಶೇಷವೇನಿಲ್ಲ ಎಂದು ಬರೆಯದ ದಿನ

ಭಾಲ್ಕಿ
೧೪ ಸೆಪ್ಟೆಂಬರ್ ೨೦೨೪, ಶನಿವಾರ

ಪ್ರೀತಿಯ ತಮ್ಮ ಮಿಲಿಂದನಿಗೆ ನಿನ್ನ ಅಣ್ಣ ಗೋರಖನಾಥನ ಜೈ ಭೀಮ್.

ಮೊಣಕಾಲು ಹೇಗಿದೆ? ಉದಗೀರದ ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಅದನ್ನೂ ಗೂಟಕ್ಕೆ ನೇತುಹಾಕಿದ್ದೀಯೋ? ನಿನ್ನ ವೈನಿ ಕೇಶರಬಾಯಿ ಆರಾಮಾಗಿದ್ದಾಳೆ. ಸಕ್ಕರೆ ಕಾಯಿಲೆಯಿದ್ದರೂ ಕದ್ದು ಬೆಲ್ಲ ತಿನ್ನುತ್ತಾಳೆ. ಮೂವತ್ಮೂರು ವರ್ಷ ಪೊಲೀಸ್ ಇಲಾಖೆಯ ಗುಪ್ತವಾರ್ತೆಯಲ್ಲಿದ್ದು ಊರವರ ಮೇಲೆ ಕಣ್ಣಿಟ್ಟವನು ಹೆಂಡತಿಯ ಬೆಲ್ಲ ಹಿಡಿಯಲಾರ ಎಂದು ನೀನು ನಗುತ್ತೀ. ಈಗಲೇ ನಕ್ಕುಬಿಡು. ಇಪ್ಪತ್ತಾರು ವರ್ಷ ನಿನ್ನಿಂದ ಮುಚ್ಚಿಟ್ಟ ಒಂದು ಮಾತನ್ನು ಇವತ್ತು ಬರೆಯಲು ಕೂತಿದ್ದೇನೆ, ಆಮೇಲೆ ನಿನಗೆ ನಗು ಬರಲಿಕ್ಕಿಲ್ಲ.

ಮೊದಲು ಮೊಮ್ಮಗಳ ಸುದ್ದಿ ಕೇಳು. ಕಳೆದ ಮಂಗಳವಾರ ಬೀದರಿನಲ್ಲಿ ಕಾಲೇಜು ಹುಡುಗರ ಯುವ ಸಂಸತ್ತು ನಡೆಯಿತು. ಹುಡುಗರೇ ಮಂತ್ರಿಗಳು, ಹುಡುಗರೇ ವಿರೋಧ ಪಕ್ಷ. ಅವರೇ ಕೂತು ಬರೆದ 'ರಾಷ್ಟ್ರೀಯ ಗುಪ್ತಚರ ಸಂಸ್ಥೆ ಮಸೂದೆ'ಯ ಮೇಲೆ ಚರ್ಚೆ. ನಮ್ಮ ಸಪನಾ ಗೃಹಮಂತ್ರಿ! ಅವಳಮ್ಮನ ಇಳಕಲ್ ಸೀರೆ ಉಟ್ಟು, ಪಿನ್ನಿನ ಮೇಲೆ ಪಿನ್ನು ಚುಚ್ಚಿಕೊಂಡು ಎದ್ದು ನಿಂತಳು. ಒಂದು ರಾಜ್ಯಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಾಗುವ ಹೊತ್ತಿಗೆ ಜನ ಸತ್ತಿರುತ್ತಾರೆ, ಅದಕ್ಕೇ ದೇಶಕ್ಕೆಲ್ಲ ಒಂದೇ ಸಂಸ್ಥೆ ಬೇಕು ಎಂದು ವಾದಿಸಿದಳು. ವಿರೋಧ ಪಕ್ಷದ ನಾಯಕಿ ಅರ್ಶಿಯಾ ಎಂಬ ಹುಡುಗಿ, ಬಹಳ ಚುರುಕು. ಮಾಹಿತಿ ಕೊಟ್ಟವರ ಹೆಸರು ಯಾರಿಗೂ ಹೇಳಬೇಕಿಲ್ಲ ಎಂಬ ಕಲಮನ್ನು ಹಿಡಿದುಕೊಂಡು ಬಿಡಲೇ ಇಲ್ಲ. "ಬರದಾಂವ ಯಾರಂತ ಗೊತ್ತಾಗಂಗಿಲ್ಲ, ಏನ್ ಬರದಾನಂತನೂ ಗೊತ್ತಾಗಂಗಿಲ್ಲ. ನೌಕರಿ ಕಳಕೊಂಡಾಂವ ಯಾರನ್ನ ಕೇಳಬೇಕ್ರಿ ಮಂತ್ರಿಗಳೇ?" ಎಂದಳು.

ಆಗ ಸಪನಾ ಕೈಯಲ್ಲಿದ್ದ ಕಾಗದ ಕೆಳಗಿಟ್ಟು, ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ತೋರಿಸಿದಳು. "ನಮ್ಮ ಅಜ್ಜಾರು ಮೂವತ್ಮೂರು ವರ್ಷ ಇದೇ ಕೆಲಸ ಮಾಡ್ಯಾರ. ಅವರು ಬರದಿದ್ದರಿಂದ ಒಬ್ಬ ನಿರಪರಾಧಿಗೂ ತ್ರಾಸ ಆಗಿಲ್ಲ. ಕಾಯಿದಿಗಿಂತ ಮನಷ್ಯಾ ಛಲೋ ಇರಬೇಕ್ರಿ" ಎಂದಳು. ಸಭೆಯೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು ಕೈ ಮುಗಿದೆ, ಮಿಲಿಂದ. ನಾಚಿಕೆಯಿಲ್ಲದೆ ಕೈ ಮುಗಿದೆ. ಮಸೂದೆ ಒಂಬತ್ತು ಮತಗಳ ಅಂತರದಿಂದ ಪಾಸಾಯಿತು, ಸಪನಾ ರಾಜ್ಯಮಟ್ಟಕ್ಕೆ ಆಯ್ಕೆಯಾದಳು. ಅಂದಿನಿಂದ ಊಟ ರುಚಿಸುತ್ತಿಲ್ಲ.

ಈಗ ಆ ಮಾತು. ನಮ್ಮ ಕೆಲಸದಲ್ಲಿ ದಿನಾ ಸಂಜೆ ಐದಕ್ಕೆ ಬೀದರಿಗೆ ಒಂದು ಚೀಟಿ ಕಳಿಸಬೇಕಿತ್ತು. ಏನೂ ನಡೆಯದಿದ್ದರೆ 'ವಿಶೇಷವೇನಿಲ್ಲ' ಎಂದಾದರೂ ಬರೆಯಬೇಕು. ತೊಂಬತ್ತೆಂಟರ ಮಳೆಗಾಲದಲ್ಲಿ ಸತತ ಹನ್ನೊಂದು ದಿನ ನಾನು ಅದನ್ನೇ ಬರೆದೆ. ಹನ್ನೆರಡನೇ ದಿನ ಸಾಹೇಬರು ಫೋನು ಮಾಡಿ, "ಏನ್ರಿ ಗೋರಖನಾಥ, ನಿಮ್ಮ ತಾಲೂಕ ಮಲಕೊಂಡದ ಏನು?" ಎಂದು ಉಗಿದರು. ಹಿಂದಿನ ದಿನವಷ್ಟೇ ನಾನು ಮಹಾರಾಷ್ಟ್ರದ ಗಡಿಗಿರುವ ನಮ್ಮೂರು ಮೆಹಕರಕ್ಕೆ ಬಂದು ಹುಣ್ಣಿಮೆಯ ಖೀರು ಉಂಡಿದ್ದೆ. ಬುದ್ಧ ವಿಹಾರದಲ್ಲಿ ಮಳೆಗಾಲದ ಮೂರು ತಿಂಗಳ ವರ್ಷಾವಾಸದ ಗ್ರಂಥ ಓದು ನಡೆದಿತ್ತು, ಓದುವವನು ನೀನು. ಎರಡನೇ ಬಟ್ಟಲು ಖೀರು ಹಾಕಿಸಿದವನೂ ನೀನೇ. ಚೀಟಿ ತುಂಬಲು ಬೇರೇನೂ ಸಿಗಲಿಲ್ಲ. 'ಮೆಹಕರದಲ್ಲಿ ಮೂರು ತಿಂಗಳು ಪ್ರತಿ ಸಂಜೆ ನಲವತ್ತು ಜನ ಸೇರುತ್ತಾರೆ. ಗಡಿಯಾಚೆಯಿಂದಲೂ ಬರುತ್ತಾರೆ. ಓದಿ ಹೇಳುವವನು ಮಿಲಿಂದ, ವಯಸ್ಸು ೨೭, ನಿರುದ್ಯೋಗಿ.' ಒಂದಕ್ಷರವೂ ಸುಳ್ಳಲ್ಲ. ತಂದೆಯ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟೆ, ಅದು ನನ್ನ ತಂದೆಯ ಹೆಸರೂ ಆಗಿತ್ತಲ್ಲ.

ಎರಡು ತಿಂಗಳಿಗೆ ನಿನ್ನ ಮಾಸ್ತರ ನೌಕರಿಯ ಪೊಲೀಸ್ ಪರಿಶೀಲನೆ ನಮ್ಮ ಕಚೇರಿಗೇ ಬಂತು. ಫೈಲಿನಲ್ಲಿ ಆ ಚೀಟಿ ಕೂತಿತ್ತು. ಅದು ಬರೀ ಧಮ್ಮದ ಓದು, ಅವನು ನನ್ನ ತಮ್ಮ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನನ್ನ ನೌಕರಿಗೆ ಕುತ್ತು ಬಂದೀತೆಂದು ಹೆದರಿ ಬರೆಯಲಿಲ್ಲ. ನಿನ್ನ ಆರ್ಡರು ಬೇರೆಯವರಿಗೆ ಹೋಯಿತು. ಅಂಥ ಕಂಠವಿದ್ದ ನೀನು ಕಾರ್ಖಾನೆಯ ಕಾಟಾದ ಮೇಲೆ ಕಬ್ಬಿನ ಗಾಡಿ ತೂಗುತ್ತ ಆಯುಷ್ಯ ಕಳೆದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಓದಿಗೆ ದಿನಾ ತನ್ನ ಗ್ಯಾಸಬತ್ತಿ ತಂದು ಹಚ್ಚುತ್ತಿದ್ದ ನಿನ್ನ ಗೆಳೆಯ ನಿಜಾಮೋದ್ದೀನನ ಅಂಗಡಿಯಲ್ಲಿ ನಮ್ಮ ಇಲಾಖೆಯವನೊಬ್ಬ ಚಹಾ ಕುಡಿದದ್ದನ್ನು ಯಾರೋ ನಿನಗೆ ಹೇಳಿದ್ದರು. "ಅವನೇ ಹೇಳ್ಯಾನೇನು ಅಣ್ಣಾ?" ಎಂದು ನೀನು ಕೇಳಿದೆ. "ಇರಬಹುದು" ಎಂದೆ. ನೀನು ಅವನ ಜೊತೆ ಮಾತು ಬಿಟ್ಟೆ. ಹೋದ ತಿಂಗಳು ಭಾಲ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ, ಮುದುಕನಾಗಿದ್ದಾನೆ. "ಮಿಲಿಂದ ಹ್ಯಾಂಗ ಇದ್ದಾನ್ರಿ?" ಎಂದು ಈಗಲೂ ಕೇಳುತ್ತಾನೆ. ಅವನ ಮನೆಗೆ ಹೋಗಿ ಕಾಲು ಹಿಡಿಯುತ್ತೇನೆ. ಆದರೆ ಮೊದಲು ನಿನಗೆ ತಿಳಿಯಬೇಕಿತ್ತು.

ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಮಕ್ಕಳಿಗೆ ಆಶೀರ್ವಾದ. ಕಾಲು ಜೋಪಾನ, ಪಟ್ಟಿ ಕಟ್ಟಿಕೋ.

ನಿನ್ನ ಅಣ್ಣ ಎನಿಸಿಕೊಂಡವನು,
ಗೋರಖನಾಥ

ತಾ.ಕ.: ನಾಳೆ ಬೆಳಗಿನ ಬಸ್ಸಿಗೆ ಸಪನಾಳೇ ಈ ಪತ್ರ ತರುತ್ತಾಳೆ. "ಸಣ್ಣಜ್ಜನ ಕಡಿಂದ ಭಾಷಣ ತಿದ್ದಿಸಿಕೊಂಡು ಬರ್ತೇನಿ" ಎಂದು ಹಟ ಹಿಡಿದಿದ್ದಾಳೆ. ಆ ಭಾಷಣದಲ್ಲಿ ನನ್ನ ಮೇಲಿನ ಆ ಸಾಲು ಇದೆ, ಅದನ್ನು ನಿನ್ನೆದುರು ಅವಳು ಓದಬಾರದು. ಪಾಕೀಟಿಗೆ ಅಂಟು ಹಚ್ಚಿಲ್ಲ. 'ಬಸ್ಸಿನಲ್ಲಿ ಮೊದಲು ನೀನು ಓದು' ಎಂದು ಅವಳಿಗೆ ಹೇಳಿ ಕೊಡುತ್ತೇನೆ, ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಉದಗೀರದಲ್ಲಿ ಇಳಿಯುವ ಹೊತ್ತಿಗೆ ಅವಳಿಗೆ ಭಾಷಣದ ಆ ಅಜ್ಜ ಇರುವುದಿಲ್ಲ. ನೀನಾದರೂ ಅವಳಿಗೆ ಅಜ್ಜನಾಗಿರು.