ಆಯಮ್ಮ ನಿಂತಿದ್ದ ಜಾಗ

ಸರಸ್ವತಿಪುರಂ, ಮೈಸೂರು
ಶನಿವಾರ, 14-11-1964

ಪ್ರೇಮಾ,

ಆಶೀರ್ವಾದಗಳು ಎಂದು ಶುರುಮಾಡಿದ ಹಾಳೆಯನ್ನು ಹರಿದು ಹಾಕಿದೆ. ಹರಸುವ ಸ್ಥಾನದಲ್ಲಿ ನಾನೀಗ ಇಲ್ಲ. ಎರಡು ಮೈಲಿ ದೂರದಲ್ಲಿರುವ ಗಂಡ ಅಂಚೆಯಲ್ಲಿ ಕಾಗದ ಕಳಿಸುವುದು ನಿನಗೆ ವಿಚಿತ್ರವೆನಿಸಬಹುದು. ಈ ವಾರದಲ್ಲಿ ಜಯಲಕ್ಷ್ಮಿಪುರಂವರೆಗೆ ಎರಡು ಸಲ ಬಂದೆ. ಎರಡು ಸಲವೂ ನಿನ್ನ ಅಕ್ಕನ ಮನೆಯ ಗೇಟಿನ ಚಿಲಕ ಮುಟ್ಟಿ ಹಿಂದಿರುಗಿದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಇಲ್ಲದವನು ಬರೆಯುತ್ತಾನೆ.

ಗುರುವಾರ ನಿನ್ನ ಅಂಬುಜಕ್ಕ ಕಾಲೇಜಿಗೇ ಬಂದಿದ್ದರು. ನಮ್ಮ ಫಿಸಿಕ್ಸ್ ಲ್ಯಾಬಿನ ಬಾಗಿಲಲ್ಲಿ ನಿಂತೇ ಹೇಳಿದರು: “ಬುಧವಾರ ಪ್ರೇಮನ್ನ ಕಿವಿ ಡಾಕ್ಟ್ರ ಹತ್ರ ಕರ್ಕೊಂಡ್ಹೋಗ್ತೀನಿ ಸುಂದರೇಶು. ತಂಬೂರಿ ಯಾರಿಗಾದ್ರೂ ಕೊಟ್ಬುಡಿ ಅಂತಾಳೆ. ಪಾಠಕ್ಕೆ ಬರೋ ಹುಡುಗೀರ್ಗೂ ಇನ್ಮೇಲೆ ಬರಬೇಡಿ ಅಂದ್ಬುಟ್ಟಿದಾಳಂತೆ. ಏನಾಯ್ತು ನಿಮ್ಮನೇಲಿ?” ಏನೂ ಆಗಿಲ್ಲ ಎಂದೆ. ಅವರು, “ನಮ್ಮಮ್ಮನ ಕಿವಿ ಹೋದಾಗ ಅವಳಿಗೂ ನಲವತ್ತೆರಡೇ” ಎಂದು ಹೇಳಿ ಹೊರಟರು.

ನಿನ್ನ ಕಿವಿಗೆ ಏನೂ ಆಗಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಲು ನಿನಗೆ ಮನಸ್ಸು ಬಾರದಿದ್ದರೂ ಇಷ್ಟು ತಲುಪಲಿ.

ಆಗಸ್ಟಿನ ಆ ಭಾನುವಾರದಿಂದ ಶುರುಮಾಡಬೇಕು. ಗೋವಿಂದರಾಜು ಜರ್ಮನಿಯಿಂದ ಬರುವಾಗ ಥೋರೆನ್ಸ್ ರೆಕಾರ್ಡ್ ಪ್ಲೇಯರ್ ತಂದಿದ್ದ. ಲಾಯರ್ ಮಹದೇವಯ್ಯನವರು ಇಂಗ್ಲೆಂಡಿನಿಂದ ಗ್ಯಾರಾರ್ಡ್ ತರಿಸಿದ್ದರು. ಯಾವುದು ಹೆಚ್ಚು ಎಂದು ತೀರ್ಮಾನಿಸಲು ಎರಡನ್ನೂ ಗೋವಿಂದರಾಜುವಿನ ಹಜಾರದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಿದ್ದೆವು. ನ್ಯಾಯಾಧೀಶ ನಾನು. ನನ್ನ ಹಳೆಯ ವಿದ್ಯಾರ್ಥಿ ಕರೆದಿದ್ದಾನೆ, ಮೈಸೂರಿನಲ್ಲಿ ಈ ಯಂತ್ರಗಳ ವಿಷಯ ನನ್ನಷ್ಟು ಓದಿದವರಿಲ್ಲ ಎಂಬ ಸಂಗತಿ ಆ ದಿನ ನನ್ನ ಅಂಗಿಯ ಇಸ್ತ್ರಿಯಲ್ಲೂ ಕಾಣುತ್ತಿತ್ತೇನೋ. ತಟ್ಟೆ ಸರಿಯಾದ ವೇಗದಲ್ಲಿ ತಿರುಗುತ್ತಿದೆಯೇ ಎಂದು ನೋಡುವ ಗೆರೆಗಳ ಬಿಲ್ಲೆ ಇಟ್ಟು, ವಿದ್ಯುದ್ದೀಪದ ಕೆಳಗೆ ಬಗ್ಗಿ ನೋಡಿ, ಗೆರೆಗಳು ನಿಂತಿವೆ, ಎರಡೂ ಸರಿಯಾಗಿವೆ ಎಂದು ಘೋಷಿಸಿದೆ. ಒಂದೇ ಪ್ಲೇಟನ್ನು ಮೊದಲು ಇದರಲ್ಲಿ, ಆಮೇಲೆ ಅದರಲ್ಲಿ ಹಾಕಿದೆವು. ನೀನು ಅವನ ತಾಯಿಯ ಜೊತೆ ಒಳಗೆ ಕಾಫಿ ಮಾಡುತ್ತಿದ್ದೆ. ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಯಾರೂ ಕೇಳದೆಯೇ, “ಆ ಕಡೇದ್ರಲ್ಲಿ ಶ್ರುತಿ ಒಂದೆಳೆ ಇಳಿದಿದೆ ಕಣ್ರೀ” ಎಂದೆ.

ಸುಮ್ಮನಿರು, ಅಳತೆ ಮಾಡಿ ಇಟ್ಟಿದ್ದೇನೆ ಎಂದೆ ನಾನು. ಗೋವಿಂದರಾಜು ಹೋಗಿ ಬಗ್ಗಿ ನೋಡಿದ. ಗ್ಯಾರಾರ್ಡಿನ ಗೆರೆಗಳು ಇರುವೆ ಸಾಲಿನಂತೆ ಹಿಂದಕ್ಕೆ ಸರಿಯುತ್ತಿದ್ದವು, ತಟ್ಟೆ ನಿಧಾನವಾಗಿ ತಿರುಗುತ್ತಿತ್ತು. ಯಂತ್ರದ ತಪ್ಪಲ್ಲ, ವೇಗದ ಗುಂಡಿಯನ್ನು ತಿರುಗಿಸಿದ್ದವನು ನಾನು. ನನ್ನ ಕಣ್ಣಿಗೆ ಅವು ನಿಂತಂತೆಯೇ ಕಂಡಿದ್ದವು. ಅವನು ಬಿದ್ದುಬಿದ್ದು ನಕ್ಕ. “ಸಾರ್, ನಿಮ್ ಬಿಲ್ಲೆ ಜೇಬಲ್ಲಿಟ್ಕೊಳಿ. ನಮ್ಗೆ ಅತ್ತಿಗೆ ಕಿವಿ ಸಾಕು!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವನ್ನು ನಾನು ಇನ್ನೂ ಮುಗಿಸಿಲ್ಲ.

ಅಲ್ಲಿಂದ ಪ್ರತಿ ಭಾನುವಾರ ಅವನ ಕಾರು ಬಂತು. “ಸಾರ್‌ಗೆ ಕೆಲಸ ಇದ್ರೆ ಪರವಾಗಿಲ್ಲ, ಅತ್ತಿಗೆ ಬಂದ್ರೆ ಸಾಕು” ಎಂದು ಒಂದು ಸಲ ಅವನೇ ಗೇಟಿನಿಂದ ಕೂಗಿದ. ನೀನು ಹಿಂದಿರುಗಿ ಊಟಕ್ಕೆ ಬಡಿಸುತ್ತಾ ಹೇಳುತ್ತಿದ್ದೆ, ಈ ಯಂತ್ರದಲ್ಲಿ ಮೃದಂಗದ ಎಡಭಾಗ ಊದಿಕೊಳ್ಳುತ್ತದೆ, ಅದರಲ್ಲಿ ಪಿಟೀಲಿನ ಕಮಾನು ತಂತಿ ಬಿಡುವುದೂ ಕೇಳುತ್ತದೆ ಎಂದು. ಅದೆಲ್ಲ ನಿಜವಾಗಿತ್ತು. ನಾನು ಇಪ್ಪತ್ತು ವರ್ಷ ಪತ್ರಿಕೆಗಳಲ್ಲಿ ಓದಿ ನಂಬಿದ್ದನ್ನು ನೀನು ಕೇಳಿಯೇ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದು ನಿನಗೆ ಏನು ಕೇಳಿಸುತ್ತದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವನು ಮೂರು ವಾರದಲ್ಲಿ ಕೇಳಿದ. ಅವನು ಜಯಲಕ್ಷ್ಮಿಪುರಂನಲ್ಲಿ ಒಂದು ಸಂಗೀತ ಕೇಳುವ ಸಂಘ ತೆರೆದು, ಪ್ಲೇಟುಗಳನ್ನು ಆರಿಸಿ ವಿವರಿಸಲು ನಿನ್ನನ್ನೇ ಕೂರಿಸುವ ಯೋಚನೆ ಹೇಳಿದಾಗ ನಿನ್ನ ಮುಖ ನೋಡಿದೆ. ಮದುವೆಯ ಫೋಟೋದಲ್ಲೂ ಆ ಮುಖ ಇಲ್ಲ.

ಗೋವಿಂದರಾಜುವಿನ ವಿಷಯದಲ್ಲಿ ನಾನು ನಿನ್ನನ್ನು ಎಂದೂ ತಪ್ಪು ತಿಳಿದಿಲ್ಲ. ಆ ಬಗೆಯ ಅಸೂಯೆಯಾಗಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ಆದರೂ ನೀನೀಗ ಇರುವ ಮನೆಗೂ ಅವನ ಮನೆಗೂ ನಡುವೆ ಮೂರು ಬೀದಿ ಎಂಬುದನ್ನು ನಾನು ಎಣಿಸಿಲ್ಲ ಎಂದರೆ ಸುಳ್ಳು.

ಇನ್ನು ದಸರೆ ಮುಗಿದ ಭಾನುವಾರ. ಥೋರೆನ್ಸಿಗೆ ಹೊಸ ಕಾರ್ಟ್ರಿಜ್ ಆರಿಸಬೇಕಿತ್ತು. ಪ್ಲೇಟಿನ ಗೆರೆಯಲ್ಲಿ ಓಡುವ ಸೂಜಿಯನ್ನು ಹಿಡಿದಿರುವ, ಹುಣಸೆ ಬೀಜದಷ್ಟು ದೊಡ್ಡ ಆ ತುಂಡಿನಲ್ಲೇ ಎಲ್ಲ ಇದೆ. ಎರಡು ಬಂದಿದ್ದವು, ಒಂದು ಅಮೆರಿಕದ್ದು, ಒಂದು ಡೆನ್ಮಾರ್ಕಿನದು. ಜೋಡಿಸಲು ಕೈ ಬೇಕಲ್ಲ, ಅದಕ್ಕೆ ಮಾತ್ರ ನಾನು ಬೇಕಾದೆ. ಲ್ಯಾಬಿನ ತೂಕದ ಬಟ್ಟುಗಳನ್ನು ತಂದು ಸೂಜಿಯ ಭಾರ ಹೊಂದಿಸಿದೆ, ಒಂದಕ್ಕೆ ಎರಡು ಗ್ರಾಂ, ಇನ್ನೊಂದಕ್ಕೆ ಮೂರು. ಪ್ರತಿಯೊಂದಕ್ಕೂ ಕೂದಲೆಳೆಯಂಥ ನಾಲ್ಕು ತಂತಿ. ಬಿಳಿ, ನೀಲಿ ಎಡಗಡೆಯ ಸ್ಪೀಕರಿಗೆ. ಕೆಂಪು, ಹಸಿರು ಬಲಗಡೆಯದಕ್ಕೆ.

ನಿನ್ನನ್ನು ಯಂತ್ರಕ್ಕೆ ಬೆನ್ನು ಮಾಡಿ ಕೂರಿಸಿದರು. ಯಾರೋ ವಿಲಾಯತಿ ಹೆಂಗಸು ಹಾಡಿದ, ಎರಡು ಸ್ಪೀಕರುಗಳ ನಡುವೆ ಅವಳು ನಿಂತಂತೆ ಕೇಳಿಸಬೇಕಾದ ಸ್ಟೀರಿಯೋ ಪ್ಲೇಟು. ಅಮೆರಿಕದ್ದನ್ನು ಹಾಕಿದಾಗ ನೀನು ಕೈ ಚಾಚಿ, “ಆಯಮ್ಮ ಇಲ್ಲಿ, ನಡೂಮಧ್ಯೆ ನಿಂತಿದಾಳೆ” ಎಂದೆ. ಡೆನ್ಮಾರ್ಕಿನದನ್ನು ಹಾಕಿದೆವು. ನೀನು ತಲೆ ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. “ಆಯಮ್ಮ ಎಲ್ಲೂ ಇಲ್ಲ” ಎಂದೆ.

“ಇಲ್ದಿದ್ರೆ ಹಾಡ್ತಿರೋದು ಯಾರಮ್ಮ, ಪಿಶಾಚೀನಾ?” ಎಂದರು ಮಹದೇವಯ್ಯ. “ಇಡೀ ಲೋಕ ಇದೇ ಮೇಲು ಅಂತ ಬರೆದೈತೆ!” ಗೋವಿಂದರಾಜುವಿಗೆ ಮುಜುಗರವಾಗಿ, “ಅತ್ತಿಗೆ, ಇನ್ನೊಂದ್ಸಲ ಕೇಳಿ” ಎಂದ. ನೀನು ಇನ್ನೊಂದು ಸಲ ಕೇಳಿದೆ. “ಎರಡು ಕಡೆಯಿಂದ್ಲೂ ಸದ್ದು ಬರ್ತಿದೆ. ಆದ್ರೆ ಯಾರೂ ನಿಂತಿಲ್ಲ” ಎಂದೆ. ಆಮೇಲೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದೆ. ನಾನು ಏನಾದರೂ ಹೇಳುತ್ತೇನೆಂದು ನೀನು ಕಾದೆ.

ನಾನು ಹೇಳಿದೆ. “ಅವಳ ತಾಯಿಗೂ ಹೀಗೇ ಶುರುವಾಗಿತ್ತು.”

ಆಮೇಲೆ ಯಾರೂ ನಗಲಿಲ್ಲ. ಅದಕ್ಕಿಂತ ಅವರು ನಕ್ಕಿದ್ದರೆ ವಾಸಿಯಿತ್ತು.

ಪ್ರೇಮಾ, ಆ ಕಾರ್ಟ್ರಿಜ್ಜಿನಲ್ಲಿ ಕೆಂಪು ತಂತಿಯ ಜಾಗಕ್ಕೆ ಹಸಿರು, ಹಸಿರಿನ ಜಾಗಕ್ಕೆ ಕೆಂಪು ಕೂತಿತ್ತು. ಹಾಗಾದರೆ ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಸದ್ದು ಬರುತ್ತದೆ, ಸ್ವರವೂ ಕೆಡುವುದಿಲ್ಲ. ಹಾಡುವವರಿಗೆ ನಿಲ್ಲಲು ಮಾತ್ರ ಜಾಗವಿರುವುದಿಲ್ಲ. ನೀನು ಹೇಳಿದ ಒಂದೊಂದು ಮಾತೂ ಪಠ್ಯಪುಸ್ತಕದಲ್ಲಿ ಬರೆದಿಡುವಷ್ಟು ಸರಿಯಾಗಿತ್ತು. ಜೋಡಿಸುವಾಗ ಕೈತಪ್ಪಾಯಿತು.

ಮುಂದಿನ ಭಾನುವಾರ ನೀನು ಬರಲಿಲ್ಲ. ನಾನೊಬ್ಬನೇ ಹೋಗಿ, ಅವರು ಉಪ್ಪಿಟ್ಟು ತಿನ್ನುತ್ತಿರುವಾಗ ತಂತಿಗಳನ್ನು ಸರಿಮಾಡಿದೆ. ಅದೇ ಪ್ಲೇಟು ಹಾಕಿದರು. ಗೋವಿಂದರಾಜು ಎದ್ದು ನಿಂತ. “ಸಾರ್, ಈಗ ಆಯಮ್ಮ ನಡುವೆ ನಿಂತವ್ಳೆ! ಹೋದ್ವಾರ ಇರ್ಲಿಲ್ಲ. ಅತ್ತಿಗೆ ಹೇಳಿದ್ದು ಸರಿ ಇತ್ತಾ?” ಎಂದ. ಒಂದು ಮಾತಿನಲ್ಲಿ ಎಲ್ಲ ಮುಗಿಯುತ್ತಿತ್ತು. “ಇಲ್ಲಪ್ಪ, ಹೊಸ ಸೂಜಿ. ಈಗ ಪಳಗಿದೆ” ಎಂದೆ. ಅವನು ನಂಬಿದ. ನಾನು ಅವನಿಗೆ ಪಾಠ ಹೇಳಿದ ಮೇಷ್ಟ್ರು.

ಆ ವಾರವೇ ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬರುವಾಗ ನೀನು ನನ್ನ ಕೈಗಡಿಯಾರವನ್ನು ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ ಹಿಡಿದು ನಿಂತಿದ್ದೆ. ತುಟಿ ಏನೋ ಎಣಿಸುತ್ತಿತ್ತು. ನಾನು ಸದ್ದಾಗದಂತೆ ಹಿಂದಕ್ಕೆ ಹೋದೆ. ತೆಂಗಿನ ಮರದ ಬುಡದಲ್ಲಿ ನಿಂತಾಗ ನನಗೆ ಬಂದ ಮೊದಲ ಯೋಚನೆ ಪಶ್ಚಾತ್ತಾಪದ್ದಲ್ಲ. ಇನ್ನು ಕಾರು ಬರುವುದಿಲ್ಲ ಎಂಬುದು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಉಪಯೋಗವಿಲ್ಲ.

ನೀನು ದೀಪಾವಳಿಗೆಂದು ಅಕ್ಕನ ಮನೆಗೆ ಹೋದವಳು ಅಲ್ಲೇ ಉಳಿದೆ. ಮನೆ ಈಗ ನಿಶ್ಶಬ್ದವಾಗಿದೆ. ನಿಶ್ಶಬ್ದದಲ್ಲಿ ನನಗೆ ಏನೂ ವಿಶೇಷವಾಗಿ ಕೇಳಿಸುವುದಿಲ್ಲ, ಆ ಶಕ್ತಿ ನನಗಿಲ್ಲ. ಆದರೆ ಬುಧವಾರ ಯಾರೋ ಡಾಕ್ಟರು ನಿನ್ನ ಕಿವಿಯ ಹತ್ತಿರ ಶ್ರುತಿಕವೆ ಮಿಡಿದು, ಚೆನ್ನಾಗಿದೆಯಮ್ಮ ಎಂದಾಗ, ಹಾಗಾದರೆ ಅವತ್ತು ಏನಾಗಿತ್ತು ಎಂದು ನೀನು ನಿನ್ನನ್ನೇ ಅನುಮಾನಿಸುತ್ತೀಯಲ್ಲ, ಅದಕ್ಕೆ ಯಾವ ಡಾಕ್ಟರೂ ಇಲ್ಲ. ಅದಕ್ಕೇ ಬುಧವಾರಕ್ಕೆ ಮುಂಚೆ ಇದು ನಿನ್ನ ಕೈ ಸೇರಲಿ. ಪಾಠದ ಆ ನಾಲ್ಕು ಹುಡುಗಿಯರಿಗೂ ಮತ್ತೆ ಬರಲು ಹೇಳಿ ಕಳಿಸು. ನೀನು ಈ ಮನೆಗೆ ಬರುವುದು ಬಿಡುವುದು ಬೇರೆ ಮಾತು, ಅದನ್ನು ಕೇಳುವ ಹಕ್ಕು ನನಗೆ ಇವತ್ತಿಲ್ಲ.

ನಿನ್ನ
ಸುಂದರೇಶ

ಮರೆತದ್ದು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಮೇಲೆ ಕೈತಪ್ಪಾಯಿತು ಎಂದು ಬರೆದಿರುವುದು ಸುಳ್ಳು. ಹಿಂದಿನ ದಿನವೇ ಕಾರ್ಟ್ರಿಜ್ಜನ್ನು ಲ್ಯಾಬಿಗೆ ತಂದು ಕೂತು, ಕೆಂಪು ಯಾವುದು ಹಸಿರು ಯಾವುದು ಎಂದು ಎರಡು ಸಲ ನೋಡಿ, ಬೇಕೆಂದೇ ಬದಲಿಸಿ ಸಿಕ್ಕಿಸಿದೆ. ಆ ಹಜಾರದಲ್ಲಿ ಅದನ್ನು ಕೇಳಿಸಿಕೊಳ್ಳಬಲ್ಲವಳು ನೀನೊಬ್ಬಳೇ, ನಿನ್ನ ಮಾತನ್ನು ಉಳಿದವರು ನಂಬುವುದಿಲ್ಲ ಎಂಬ ಭರವಸೆಯ ಮೇಲೇ ಮಾಡಿದೆ. ನನ್ನ ಜೀವನದಲ್ಲಿ ನಿನ್ನ ಕಿವಿಯನ್ನು ಅಷ್ಟು ನಂಬಿದ್ದು ಅದೊಂದೇ ದಿನ. ಇದೆಲ್ಲವನ್ನೂ ಗೋವಿಂದರಾಜುವಿಗೂ ಬರೆದಿದ್ದೇನೆ. ಬರೆದ ಮೇಲೆ ಧೈರ್ಯ ಹೋಗಿಬಿಡಬಾರದೆಂದು ಅದನ್ನು ನಿನ್ನೆಯೇ ಅಂಚೆ ಡಬ್ಬಿಗೆ ಹಾಕಿಬಿಟ್ಟೆ. ಅವನು ಅದನ್ನು ಇವತ್ತೇ ಓದುತ್ತಾನೆ, ಓದಿದೊಡನೆ ಓಡಿ ಬಂದು ನಿನ್ನ ಕಿವಿ ಚೆನ್ನಾಗಿದೆ ಎಂಬ ಮಾತನ್ನು ನನಗಿಂತ ಮೊದಲು ನಿನಗೆ ಹೇಳಿರುತ್ತಾನೆ. ಅದು ನನಗೆ ಈಗ ತಾನೆ ಹೊಳೆಯಿತು. ಅದನ್ನೂ ನನ್ನಿಂದ ತಡೆದುಕೊಳ್ಳಲು ಆಗುತ್ತಿಲ್ಲ.