ಉಗ್ಗಿನ ತಾಳ

ಮಾರ್ಚ್ 3, ಮಧ್ಯಾಹ್ನ

ಮತ್ತೆ ಸ್ಟುಡಿಯೋ. ಅದೇ ಕಿರುಗುಟ್ಟುವ ಕುರ್ಚಿ, ಸ್ಪಂಜು ಕಿತ್ತುಹೋದ ಗೋಡೆ. ಪ್ರೊಡ್ಯೂಸರ್‌ಗೆ ನಾನೂ ತಂಗಿಯೂ ಇಟ್ಟ ಹೆಸರು ‘ಏಳು ಸೆಕೆಂಡ್’. ಕೇಳುವವರು ಅಷ್ಟೇ ಹೊತ್ತು ಕಾಯುವುದು, ಆಮೇಲೆ ಮುಂದಿನ ಹಾಡಿಗೆ ಹಾರುತ್ತಾರೆ ಅನ್ನುವುದು ಅವನ ವೇದವಾಕ್ಯ. ಇವತ್ತು ನಮ್ಮ ‘ಬಾಗಿಲು’ ಹಾಡಿನ ಡೆಮೊ ಕೇಳಿಸಿದೆ. ತಂಗಿ ಬರೆದದ್ದು, ನಾನು ರಾಗ ಹಾಕಿದ್ದು. ಎರಡು ವರ್ಷ ತಿದ್ದಿದ್ದೇವೆ.

ಹಾಡು ಅಪ್ಪನ ಕುರಿತದ್ದು. ಟೈಲರ್ ಅಪ್ಪ. ಹುಟ್ಟಿನಿಂದಲೂ ಉಗ್ಗು. ಸಂಜೆ ಅಂಗಡಿ ಮುಚ್ಚಿ ಬಂದು, ಹೊರಗೆ ನಿಂತು “ತೆ... ತೆ... ತೆಗಿಯಮ್ಮಾ” ಅನ್ನುತ್ತಿದ್ದರು. ಮಾತು ಪೂರ್ತಿಯಾಗುವವರೆಗೆ ಚಿಲಕ ತೆಗೆಯಕೂಡದು — ಅಮ್ಮ ಮಾಡಿದ್ದ ಕಾನೂನು. ಅವಸರ ಮಾಡಿದರೆ ಅವರಿಗೆ ಅವಮಾನ. ನಾವಿಬ್ಬರೂ ಚಿಲಕದ ಮೇಲೆ ಕೈಯಿಟ್ಟು ಕಾಯುತ್ತಿದ್ದೆವು. ಹಾಡಿರುವುದೇ ಆ ಕಾಯುವುದರಲ್ಲಿ. ವಾದ್ಯ ಎಲ್ಲ ನಿಲ್ಲುತ್ತದೆ. ಮಾತು ಮುಗಿದ ಮೇಲೆ ಪಲ್ಲವಿ.

ಡೆಮೊದಲ್ಲಿ ಆ ಕಾಯುವ ಜಾಗದ ಗುರುತಿಗೆ ಅಪ್ಪನ ದನಿಯನ್ನೇ ಫೋನಿನಲ್ಲಿ ಹಿಡಿದು ಹಾಕಿದ್ದೆ. ಕೇಳಿಸುವ ಮುಂಚೆ ತೆಗೆಯಬೇಕಿತ್ತು. ಮರೆತೆ. ಏಳು ಸೆಕೆಂಡ್ ಎದ್ದು ನಿಂತೇಬಿಟ್ಟ. ಇದೇ ಹಾಡು, ಉಳಿದದ್ದೆಲ್ಲ ಕಸ ಅಂದ. ಯಾರ ದನಿ ಎಂದು ಕೇಳಿದ. ಪರಿಚಯದವರದು ಅಂದೆ. ಅಪ್ಪನದು ಅನ್ನಲು ಬಾಯಿ ಬರಲಿಲ್ಲ.

ಮಾರ್ಚ್ 5

ಕತ್ತರಿಸಿದ. ಕಾಯುವ ಜಾಗ ಹೋಯಿತು. ‘ಗಿಯಮ್ಮಾ’ ಹೋಯಿತು. ಉಳಿದದ್ದು ತೆ-ತೆ-ತೆ-ತೆ, ಡಬಲ್ ಸ್ಪೀಡಿನಲ್ಲಿ, ಕೆಳಗೆ ಡ್ರಮ್ಸ್. ಚೆನ್ನಾಗಿತ್ತು... ಅದೇ ಸಂಕಟ. ನನ್ನ ಕಾಲು ತಾನಾಗಿ ತಾಳ ಹಾಕುತ್ತಿತ್ತು.

ತಂಗಿಯನ್ನು ಕೇಳುತ್ತೇನೆ ಅಂದೆ. ಸಂಜೆಯೊಳಗೆ ಹೇಳು, ಇನ್ನೊಬ್ಬರ ಹಾಡು ಸಾಲಿನಲ್ಲಿದೆ ಅಂದ. ಹನ್ನೊಂದು ವರ್ಷ ಬೇರೆಯವರ ಹಾಡಿಗೆ ಕೀಬೋರ್ಡ್ ಒತ್ತಿದ ಕೈ. ಸಂಜೆಯ ತನಕ ಯಾಕೆ, ಅಲ್ಲೇ ಹೂಂ ಅಂದೆ. ತಂಗಿಗೆ ಫೋನ್ ಮಾಡಲಿಲ್ಲ. ಅಪ್ಪನಿಗೂ.

ಏಪ್ರಿಲ್ 29

ಹಾಡು ಬಿಡುಗಡೆಯಾಗಿದೆ. ಎಲ್ಲಿ ಹೋದರೂ ಅದೇ. ಬಸ್ಸಿನಲ್ಲಿ, ಜಿಮ್ಮಿನಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬೆನ್ನು ತಟ್ಟುವವರಿಗೆ ಬರವಿಲ್ಲ.

ತಂಗಿ ಫೋನ್ ಮಾಡಿದಳು. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. “ಅಣ್ಣಾ, ಮನೇಲಿ ಯಾರೂ ಒಂದಿನಾನೂ ಅಪ್ಪನ ಮಾತು ಕತ್ತರಿಸಿರಲಿಲ್ಲ. ನೀನು ಕತ್ತರಿಸಿ ಊರಿಗೆಲ್ಲ ಹಂಚಿದೀಯ” ಅಂದಳು. ಹಾಡಿನಿಂದ ತನ್ನ ಹೆಸರು ತೆಗೆಸು ಅಂದಳು. ತೆಗೆಸಿದೆ. ಈಗ ನನ್ನದೊಂದೇ ಹೆಸರು, ದಪ್ಪ ಅಕ್ಷರದಲ್ಲಿ. ಥೂ.

ಮೇ 11

ಎಲ್ಲ ಹೇಳಿಬಿಡೋಣ ಎಂದು ಅಪ್ಪನ ಅಂಗಡಿಗೆ ಹೋದೆ. ಒಬ್ಬ ಗಿರಾಕಿ ಪ್ಯಾಂಟ್ ಕೊಟ್ಟು, ತೆ-ತೆ-ತೆ ಅಂದು ಕಣ್ಣು ಮಿಟುಕಿಸಿದ. ಅದು ಅಪ್ಪನದೇ ದನಿ ಎಂದು ಅವನಿಗೇನು ಗೊತ್ತು, ಸುಮ್ಮನೆ ಗೇಲಿ. ಅಪ್ಪ ನಕ್ಕರು. ಅವರಿಗೆ ಗೊತ್ತು. ತಮ್ಮ ದನಿ ತಮಗೆ ತಿಳಿಯದೇ?

ಮೊದಲೆಲ್ಲ ಅಳತೆಯನ್ನು ಜೋರಾಗಿ ಹೇಳಿಯೇ ಬರೆಯುತ್ತಿದ್ದರು — ಸೊಂಟ ಇಷ್ಟು, ಉದ್ದ ಇಷ್ಟು. ಎಷ್ಟು ಹೊತ್ತಾದರೂ ಸರಿ, ಹೇಳಿಯೇ ಹೇಳುವರು. ಈಗ ಬರೀ ಚೀಟಿ. ಯಾವತ್ತು ಬರಬೇಕು ಅನ್ನುವುದನ್ನೂ ಬರೆದು ತೋರಿಸಿದರು. ಗಂಟಲು ನೋವಾ ಎಂದು ಕೇಳಿದೆ. ನಾಚಿಕೆಗೆಟ್ಟವನು, ಕೇಳಿದೆ. ಹೌದೆಂದು ತಲೆಯಾಡಿಸಿದರು. ಅಷ್ಟಕ್ಕೇ ವಾಪಸ್ ಬಂದೆ.

ಜೂನ್ 2

ಏಳು ಸೆಕೆಂಡ್‌ಗೆ ಹೊಸ ಹುಚ್ಚು. ಭಾನುವಾರದ ಶೋನಲ್ಲಿ ಆ ದನಿಯವರನ್ನೇ ವೇದಿಕೆ ಹತ್ತಿಸಬೇಕಂತೆ. ಕೊನೆಗೆ ನಿಜ ಒಪ್ಪಿಕೊಂಡೆ. ಅಪ್ಪನಾ, ಇನ್ನೂ ಒಳ್ಳೇದು, ಜನ ಅಳುತ್ತಾರೆ ಅಂದ. ಅಪ್ಪ ಬರುವುದಿಲ್ಲ ಅಂದೆ. ಅವನೇ ಅಂಗಡಿ ಹುಡುಕಿಕೊಂಡು ಹೋಗಿ ಕೇಳಿದ್ದಾನೆ. ಅಪ್ಪ ಒಪ್ಪಿದ್ದಾರೆ!

ಜೂನ್ 7, ಬೆಳಿಗ್ಗೆ ಹತ್ತು

ಕರೆದುಕೊಂಡು ಹೋಗಲು ಬಂದಿದ್ದೇನೆ. ಬಂದಾಗ ಅಪ್ಪ ಕನ್ನಡಿ ಮುಂದೆ. ತಾವೇ ಹೊಲಿದ ಹೊಸ ಅಂಗಿ. ಫೋನಿನಲ್ಲಿ ಹಾಡು ಹಾಕಿ ಜೊತೆಗೆ ಹೇಳುತ್ತಿದ್ದರು. ತಪ್ಪುತ್ತಿತ್ತು. ಮತ್ತೆ ಮೊದಲಿಂದ. ಹಣೆಯೆಲ್ಲ ಬೆವರು.

ಹೋಗುವುದು ಬೇಡಪ್ಪಾ, ನನ್ನಿಂದ ತಪ್ಪಾಯಿತು ಅನ್ನಲು ಶುರುಮಾಡಿದೆ. ಕೈಯೆತ್ತಿ ತಡೆದರು.

“ನಿ... ನಿನ್ನ ಹಾಡಿನ ಸ್ಪೀಡಿಗೆ ನ... ನನಗೆ ಉಗ್ಗಕ್ಕೆ ಬರ್ತಿಲ್ಲ ಕಣೋ. ಕ... ಕಲಿಸು. ಅಷ್ಟು ಜನದ ಮುಂದೆ ನಿನ್ನ ಮ... ಮರ್ಯಾದೆ ಹೋಗಬಾರದು.”

ಬೇಡ ಅನ್ನಬಹುದಿತ್ತು. ಫೋನ್ ಕಿತ್ತುಕೊಳ್ಳಬಹುದಿತ್ತು. ಕೆಳಗೆ ನಮಗಾಗಿ ಕಾಯುತ್ತಿದ್ದ ಕಾರಿನ ಹಾರ್ನ್. ಚಿಟಿಕೆ ಹೊಡೆದು ತಾಳ ಕೊಟ್ಟೆ. ಉಸಿರು ಇಲ್ಲಿ ಎಳೆಯಬೇಕು, ನಾಲಿಗೆ ಹಲ್ಲಿಗೆ ಹೀಗೆ... ಹೆತ್ತ ಅಪ್ಪನಿಗೆ ಉಗ್ಗುವುದನ್ನು ಹೇಳಿಕೊಟ್ಟೆ. ಆರನೇ ಸಲಕ್ಕೆ ಸರಿಯಾಗಿ ಬಂತು. ನನ್ನ ಮುಖ ನೋಡಿದರು. ಭೇಷ್ ಅಂದುಬಿಟ್ಟೆ.

ಮುಖ ತೊಳೆಯುವ ನೆಪ ಹೇಳಿ ಒಳಕೋಣೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಬೂಟು ಹಾಕಿಕೊಳ್ಳುತ್ತಾ ಇನ್ನೂ ಹೇಳುತ್ತಿದ್ದಾರೆ. ತೆ-ತೆ-ತೆ-ತೆ. ಒಂದು ಚೂರೂ ತಪ್ಪಿಲ್ಲ. ಹೋಗಿ ನಿಲ್ಲಿಸಬೇಕು. ಈಗಲೇ ಎದ್ದು ಹೋಗಿ —